ರಜೆಯ ದಿನ ಗುಡ್ಡ ಹತ್ತಿದ ಓಟಗಾರ

1911ರ ಏಪ್ರಿಲ್ 19. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಶ್‌ಲ್ಯಾಂಡ್ ಎಂಬ ಸಣ್ಣ ಊರು. ಬಾಸ್ಟನ್ ಮ್ಯಾರಥಾನ್ ಶುರುವಾಗುವ ಮೊದಲು ವೈದ್ಯರು ಓಟಗಾರರನ್ನು ಪರೀಕ್ಷೆ ಮಾಡುತ್ತಿದ್ದರು. 22 ವರ್ಷದ ಒಬ್ಬ ಯುವಕನ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಅವರಿಗೆ ಬಡಿತದ ನಡುವೆ ಇನ್ನೊಂದು ಸದ್ದು ಕೇಳಿಸಿತು. ವೈದ್ಯರ ಭಾಷೆಯಲ್ಲಿ ಅದಕ್ಕೆ ಮರ್ಮರ್ ಎನ್ನುತ್ತಾರೆ. ಇವತ್ತಿನ ಓಟವೇ ಕೊನೆಯದಾಗಲಿ, ದಣಿವಾದರೆ ಅರ್ಧದಲ್ಲೇ ನಿಲ್ಲಿಸುವುದು ಒಳ್ಳೆಯದು ಎಂಬ ಅರ್ಥದ ಸಲಹೆ ಕೊಟ್ಟು ಕಳಿಸಿದರು. ಯುವಕ ತಲೆಯಾಡಿಸಿ ಹೋದ. ಸುಮಾರು ಎರಡು ತಾಸು ಇಪ್ಪತ್ತೆರಡು ನಿಮಿಷದ ನಂತರ ಬಾಸ್ಟನ್ ನಗರದಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದವನು ಅವನೇ. ಅದುವರೆಗಿನ ದಾಖಲೆಯೂ ಮುರಿದಿತ್ತು.

ಆತನ ಹೆಸರು ಕ್ಲಾರೆನ್ಸ್ ಡಿಮಾರ್. ಮ್ಯಾರಥಾನ್ ಓಡುವವರ ಲೋಕದಲ್ಲಿ ದೊಡ್ಡ ಹೆಸರು. ನಮ್ಮ ಕಡೆ ಕೇಳಿದವರು ಕಡಿಮೆ. ನನಗೆ ಆತ ಪರಿಚಯವಾದದ್ದು ಆ ಎದೆಯ ಸದ್ದಿನಿಂದಲೇ.

ನಾನು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುತ್ತಿರುವವನು. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು ಎಂಬುದು ನನ್ನಂಥ ಎಲ್ಲರಿಗೂ ಬಾಯಿಪಾಠ. ವಜ್ರಳ್ಳಿಯಲ್ಲಿ ಟ್ರ್ಯಾಕ್ ಎಲ್ಲಿಂದ ಬರಬೇಕು? ಬೆಳಿಗ್ಗೆ ಮಂಜು ಕರಗುವ ಮೊದಲು ಇಡಗುಂದಿ ಕಡೆಯ ಏರಿಳಿತದ ರಸ್ತೆಯೇ ಟ್ರ್ಯಾಕು. ಕಳೆದ ಮಳೆಗಾಲದಲ್ಲಿ ಜ್ವರ ಬಂತೆಂದು ಪೇಟೆಯ ಒಬ್ಬ ಡಾಕ್ಟರ ಬಳಿ ಹೋದಾಗ ಅವರು ಎದೆಯನ್ನು ಎರಡು ಸಲ, ಮೂರು ಸಲ ಕೇಳಿಸಿಕೊಂಡರು. ಸಣ್ಣ ಸದ್ದೊಂದಿದೆ, ಇಕೋ ಮಾಡಿಸುವ ತನಕ ಓಟ ಬೇಡ ಎಂದರು. ಮನೆಗೆ ಬಂದು ಹೇಳಿದ್ದೇ ತಡ, ಆಯಿ ನನ್ನ ಶೂಗಳನ್ನು ಅಟ್ಟಕ್ಕೆ ಹಾಕಿದಳು. ಹುಬ್ಬಳ್ಳಿಗೆ ಹೋಗಿ ಇಕೋ ಮಾಡಿಸಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದ್ದೆಲ್ಲ ಒಂದೇ ವಿಷಯ, ಹೃದಯದಲ್ಲಿ ಸದ್ದಿದ್ದವರು ಯಾರಾದರೂ ಓಡಿದ್ದಾರೆಯೇ ಎಂದು. ಹಾಗೆ ಸಿಕ್ಕಿದವನು ಡಿಮಾರ್.

ಆತ ಹುಟ್ಟಿದ್ದು 1888ರ ಜೂನ್ 7ರಂದು, ಒಹಾಯೊ ರಾಜ್ಯದ ಮೆಡೀರಾ ಎಂಬಲ್ಲಿ. ಎಂಟು ವರ್ಷದವನಿದ್ದಾಗ ಅಪ್ಪ ತೀರಿಹೋದ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್‌ನ ವಾರ್ವಿಕ್ ಎಂಬ ಹಳ್ಳಿಗೆ ಬಂದಳು. ಹುಡುಗ ಸೋಪು, ಟಾಚಣಿ, ದಾರದಂಥ ಸಾಮಾನು ಹೊತ್ತು ಮನೆಯಿಂದ ಮನೆಗೆ ಮೈಲುಗಟ್ಟಲೆ ನಡೆದು ಮಾರುತ್ತಿದ್ದ. ಅಷ್ಟರಿಂದ ಹೊಟ್ಟೆ ತುಂಬುವುದೆಲ್ಲಿ? ಹತ್ತನೇ ವಯಸ್ಸಿಗೆ ಅವನನ್ನು ಬಾಸ್ಟನ್ ಬಂದರಿನ ಥಾಂಪ್ಸನ್ ದ್ವೀಪದಲ್ಲಿದ್ದ, ಬಡ ಹುಡುಗರಿಗೆ ಬೇಸಾಯ ಮತ್ತು ಕೈಕಸುಬು ಕಲಿಸುವ ಶಾಲೆಗೆ ಸೇರಿಸಿದರು. ಸುತ್ತಲೂ ಸಮುದ್ರ. ಮನೆಗೆ ಓಡಿಹೋಗಬೇಕೆಂದರೂ ದಾರಿಯಿಲ್ಲ. ಆಟದಲ್ಲಿ ಈ ಹುಡುಗ ಮುಂದಿದ್ದವನೇನೂ ಅಲ್ಲ.

ಹದಿನಾರಕ್ಕೆ ಆ ದ್ವೀಪ ಬಿಟ್ಟು ವರ್ಮಾಂಟ್ ರಾಜ್ಯದಲ್ಲಿ ಹಣ್ಣಿನ ತೋಟದ ಕೆಲಸಕ್ಕೆ ನಿಂತ. ತೋಟದಲ್ಲಿ ದುಡಿಯುತ್ತಲೇ ಓದು ಮುಂದುವರಿಸಿ ವರ್ಮಾಂಟ್ ವಿಶ್ವವಿದ್ಯಾಲಯ ಸೇರಿದ. ಓಟ ಎಂಬುದು ಅವನ ಕಾಲಿಗೆ ಹತ್ತಿದ್ದು ಅಲ್ಲಿ, ಕ್ರಾಸ್‌ಕಂಟ್ರಿ ತಂಡದಲ್ಲಿ. ಕುದುರೆಯಂಥ ಚೆಂದದ ಓಟ ಅವನದಲ್ಲ. ಕಾಲೆಳೆದುಕೊಂಡು ಹೋದಂತೆ ಕಾಣುತ್ತಿತ್ತಂತೆ. ಆದರೆ ದೂರ ಹೆಚ್ಚಾದಷ್ಟೂ ಉಳಿದವರು ಹಿಂದೆ ಬೀಳುತ್ತಿದ್ದರು, ಇವನು ಬೀಳುತ್ತಿರಲಿಲ್ಲ. ಡಿಗ್ರಿ ಮುಗಿಯುವ ಮೊದಲೇ, 1909ರಲ್ಲಿ, ಕಾಲೇಜು ಬಿಡಬೇಕಾಯಿತು. ತಾಯಿ, ತಮ್ಮ ತಂಗಿಯರ ಹೊಣೆ ಹೆಗಲಿಗೆ ಬಂದಿತ್ತು. ಬಾಸ್ಟನ್ ಬಳಿ ಬಂದು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ.

ಅಚ್ಚುಮೊಳೆ ಜೋಡಿಸುವುದು ಅಂದರೆ ಇಂದಿನವರಿಗೆ ಗೊತ್ತಾಗಲಿಕ್ಕಿಲ್ಲ. ಇಡೀ ದಿನ ನಿಂತುಕೊಂಡು, ಗೂಡುಗಳಲ್ಲಿರುವ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಸಾಲು ಕಟ್ಟುವ ಕೆಲಸ. ಕಣ್ಣು, ಬೆರಳು, ಸೊಂಟ ಮೂರೂ ಸೋಲುತ್ತವೆ. ಡಿಮಾರ್ ಬದುಕಿನುದ್ದಕ್ಕೂ ಅನ್ನ ದುಡಿದದ್ದು ಹೆಚ್ಚಾಗಿ ಇದೇ ಕಸುಬಿನಿಂದ. ಕೋಚ್ ಇಟ್ಟುಕೊಳ್ಳಲು ದುಡ್ಡಿಲ್ಲ, ತಾಲೀಮಿಗೆ ಸಮಯವಿಲ್ಲ. ಅವನು ಕಂಡುಕೊಂಡ ದಾರಿ ಬಹಳ ಸರಳ. ಮನೆಯಿಂದ ಮುದ್ರಣಾಲಯಕ್ಕೆ ಓಡಿ ಹೋಗುವುದು, ಸಂಜೆ ಓಡಿ ಬರುವುದು. ರಸ್ತೆಯಲ್ಲಿ ಗಡಿಬಿಡಿಯಿಂದ ಓಡುವವನನ್ನು ಕಂಡರೆ ಕಳ್ಳನೋ ಹುಚ್ಚನೋ ಎಂದುಕೊಳ್ಳುತ್ತಿದ್ದ ಕಾಲವದು. (ನಮ್ಮೂರಲ್ಲಿ ಈಗಲೂ ಬೈಕ್ ನಿಲ್ಲಿಸಿ ಬಸ್ಸು ತಪ್ಪಿತೇನೋ ಎಂದು ಕೇಳುವವರಿದ್ದಾರೆ!)

ಇನ್ನು ಆ ಓಟದ ವಿಷಯ. ಬಾಸ್ಟನ್ ಮ್ಯಾರಥಾನ್ ನಡೆಯುವುದು ಪೇಟ್ರಿಯಟ್ಸ್ ಡೇ ಎಂಬ ರಜೆಯ ದಿನ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಬ್ರಿಟಿಷ್ ಸೈನ್ಯದ ಎದುರು ಅಮೆರಿಕದ ರೈತರು ಬಂದೂಕು ಎತ್ತಿದ ನೆನಪಿಗೆ ಮ್ಯಾಸಚೂಸೆಟ್ಸ್‌ನಲ್ಲಿ 1894ರಿಂದ ಆ ದಿನ ರಜೆ. 1896ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಕಂಡು ಬಂದ ಬಾಸ್ಟನ್ನಿನವರು ಮರುವರ್ಷವೇ, 1897ರಲ್ಲಿ, ಈ ರಜೆಯ ದಿನ ತಮ್ಮೂರಲ್ಲೂ ಓಟ ಏರ್ಪಡಿಸಿದರು. ಮೊದಲ ಸಲ ಹೊರಟವರು 15 ಮಂದಿ. ಈಗ ಏಪ್ರಿಲ್ ತಿಂಗಳ ಮೂರನೇ ಸೋಮವಾರ ನಡೆಯುವ ಅದೇ ಓಟಕ್ಕೆ ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಜನ ಬರುತ್ತಾರೆ.

ಓಟಕ್ಕೆ ರಜೆಯ ದಿನ ಸಿಕ್ಕಿದ್ದು ಡಿಮಾರ್‌ನಂಥವರಿಗೆ ದೊಡ್ಡ ಅನುಕೂಲ. ಗಾರೆ ಕೆಲಸದವರು, ಅಂಗಡಿಯ ಹುಡುಗರು, ಮುದ್ರಣಾಲಯದವರು ಸಂಬಳ ಕಳೆದುಕೊಳ್ಳದೆ ಓಡಬಹುದಿತ್ತು. ಗೆದ್ದವರಿಗೆ ದುಡ್ಡಿನ ಬಹುಮಾನ ಇರಲಿಲ್ಲ. ಬಾಸ್ಟನ್ನಿನಲ್ಲಿ ಅದು ಶುರುವಾದದ್ದು 1986ರಲ್ಲಿ. ಅವತ್ತು ಸಿಗುತ್ತಿದ್ದದ್ದು ತಲೆಗೊಂದು ಎಲೆಯ ಕಿರೀಟ, ಪದಕ. ಮರುದಿನ ಮತ್ತೆ ಸೀಸದ ಅಕ್ಷರಗಳ ಮುಂದೆ ಹಾಜರಿ. ಕೊನೆ ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಗಳಲ್ಲೂ ರಜೆ ಎಂದರೆ ಹೀಗೇ, ಕಾಲೇಜಿಗೆ ರಜೆ ಅಷ್ಟೆ, ಅಡಿಕೆ ಸುಲಿಯುವುದಕ್ಕಲ್ಲ.

ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಆಶ್‌ಲ್ಯಾಂಡ್‌ನಿಂದ ಹೊರಡುತ್ತಿದ್ದಾಗ ದೂರ ಸುಮಾರು 39 ಕಿ.ಮೀ. ಇತ್ತು. 42.195 ಕಿ.ಮೀ. ಎಂಬ ಲೆಕ್ಕ 1908ರ ಲಂಡನ್ ಒಲಿಂಪಿಕ್ಸ್‌ನಿಂದ ಬಂದದ್ದು. ಅದನ್ನು ಹೊಂದಿಸಲು 1924ರಲ್ಲಿ ಬಾಸ್ಟನ್ ಓಟದ ಆರಂಭವನ್ನು ಇನ್ನೂ ಹಿಂದಕ್ಕೆ, ಹಾಪ್ಕಿಂಟನ್ ಎಂಬ ಊರಿಗೆ ಒಯ್ದರು. ಹಾಗಾಗಿ ಡಿಮಾರ್‌ನ ಹಳೆಯ ಸಮಯಗಳನ್ನು ಇಂದಿನ ದಾಖಲೆಗಳ ಪಕ್ಕ ಇಟ್ಟು ನೋಡಬಾರದು. ಕೆಲವು ವಿಡಿಯೊಗಳಲ್ಲಿ ಆ ತಪ್ಪು ಮಾಡುತ್ತಾರೆ.

ಹಾಪ್ಕಿಂಟನ್ ಎತ್ತರದಲ್ಲಿದೆ, ಬಾಸ್ಟನ್ ಸಮುದ್ರದ ಪಕ್ಕ. ಒಟ್ಟು ಲೆಕ್ಕ ಹಾಕಿದರೆ ರಸ್ತೆ ಇಳಿಜಾರು. ಕೇಳಿದವರಿಗೆ ಸುಲಭ ಅನ್ನಿಸುತ್ತದೆ. ಅರಬೈಲ್ ಘಟ್ಟವನ್ನು ನಡೆದು ಇಳಿದವರಿಗೆ ಮಾತ್ರ ಅದರೊಳಗಿನ ಮೋಸ ಗೊತ್ತು. ಏರುವಾಗ ಏದುಸಿರು ಬರುತ್ತದೆ, ಆದರೆ ತೊಡೆ ನಡುಗುವುದು ಇಳಿಯುವಾಗಲೇ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರವನ್ನು ತಡೆದು ಹಿಡಿಯಬೇಕು. ಹಿಗ್ಗುತ್ತಲೇ ಬಿಗಿಹಿಡಿಯುವ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಬಾಸ್ಟನ್ನಿನಲ್ಲಿ ಮೊದಲ ಇಳಿಜಾರಿನ ಖುಷಿಗೆ ವೇಗವಾಗಿ ಹೋದವರು ತೊಡೆಯನ್ನು ಅಲ್ಲೇ ಖರ್ಚು ಮಾಡಿರುತ್ತಾರೆ. ಆಮೇಲೆ, 26ನೇ ಕಿ.ಮೀ.ನಿಂದ ನ್ಯೂಟನ್ ಊರಿನ ಗುಡ್ಡಗಳು ಎದುರಾಗುತ್ತವೆ. ಒಂದಲ್ಲ, ನಾಲ್ಕು. ಕೊನೆಯದು ಸುಮಾರು 33ನೇ ಕಿ.ಮೀ. ಹತ್ತಿರ. ಎತ್ತರ ನೋಡಿದರೆ ಏನೂ ಅಲ್ಲ, ಮೂವತ್ತು ಮೀಟರ್ ಕೂಡ ಏರುವುದಿಲ್ಲ. ನಮ್ಮ ಕಡೆ ಅದನ್ನು ಗುಡ್ಡ ಎಂದರೆ ನಕ್ಕಾರು. ಆದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಹೆಚ್ಚಿನವರಿಗೆ ಮುಗಿಯುತ್ತ ಬರುವುದು ಸರಿಯಾಗಿ ಆ ಹೊತ್ತಿಗೇ. 1936ರ ಓಟದ ನಂತರ ಆ ಏರಿಗೆ ಎದೆ ಒಡೆಯುವ ಗುಡ್ಡ ಎಂಬರ್ಥದ ಹಾರ್ಟ್‌ಬ್ರೇಕ್ ಹಿಲ್ ಎಂಬ ಹೆಸರು ಬಂತು. ಡಿಮಾರ್ ಗೆಲ್ಲುತ್ತಿದ್ದ ಕಾಲದಲ್ಲಿ ಅದಕ್ಕೆ ಆ ಹೆಸರಿರಲಿಲ್ಲ. ಹೃದಯ ಕೆಟ್ಟಿದೆ ಎಂದು ಹೇಳಿಸಿಕೊಂಡವನೊಬ್ಬ ಅದನ್ನು ವರ್ಷ ವರ್ಷವೂ ಹತ್ತಿ ಹೋಗುತ್ತಿದ್ದ.

1910ರಲ್ಲಿ ಮೊದಲ ಸಲ ಓಡಿದಾಗಲೇ ಆತ ಎರಡನೆಯವನಾಗಿದ್ದ. ಮರುವರ್ಷದ ಗೆಲುವನ್ನು ಆಗಲೇ ಹೇಳಿದೆ. ಟಾಮ್ ಲಾಂಗ್‌ಬೋಟ್ ಎಂಬ ಕೆನಡಾದ ಮೂಲನಿವಾಸಿ ಓಟಗಾರ 1907ರಲ್ಲಿ ಮಾಡಿದ್ದ ದಾಖಲೆಗಿಂತ ಎರಡೂವರೆ ನಿಮಿಷಕ್ಕೂ ಹೆಚ್ಚು ಬೇಗ ಮುಗಿಸಿ, 2 ತಾಸು 21 ನಿಮಿಷ 39 ಸೆಕೆಂಡಿನಲ್ಲಿ ಗೆದ್ದ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಆಯ್ಕೆಯಾದ. ಅಲ್ಲಿ ತರಬೇತುದಾರರ ಜತೆ ಹೊಂದಲಿಲ್ಲ, ತನಗೆ ಒಗ್ಗದ ರೀತಿಯಲ್ಲಿ ತಾಲೀಮು ಮಾಡಿಸಿದರು ಎಂಬ ಸಿಟ್ಟು ಆತನಲ್ಲಿ ಬಹಳ ಕಾಲ ಉಳಿಯಿತು. ಸುಡುವ ಬಿಸಿಲಿನಲ್ಲಿ ನಡೆದ ಆ ಮ್ಯಾರಥಾನ್‌ನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಝಾರೊ ಕುಸಿದುಬಿದ್ದು ಮರುದಿನ ಸತ್ತುಹೋದ. ಡಿಮಾರ್ 12ನೆಯವನಾದ.

ಅದಾದ ಮೇಲೆ ಆತ ದೊಡ್ಡ ಓಟಗಳಿಂದ ಹೆಚ್ಚುಕಡಿಮೆ ಮಾಯವಾದ. ಹೃದಯದ ಬಗ್ಗೆ ವೈದ್ಯರು ಹಾಕಿದ ಹೆದರಿಕೆ ಒಂದು ಕಾರಣ. ಓಟದ ಹೆಸರಿನಲ್ಲಿ ಬರುವ ಹೊಗಳಿಕೆ ತನ್ನ ಧರ್ಮಶ್ರದ್ಧೆಗೆ ಸರಿಯೇ ಎಂಬ ಗೊಂದಲ ಇನ್ನೊಂದು. ಮೂರನೆಯದು ಓದು. ಹಗಲು ದುಡಿದು, ಬಿಡುವಿನಲ್ಲಿ ತರಗತಿಗಳಿಗೆ ಹೋಗಿ, 1915ರಲ್ಲಿ ಹಾರ್ವರ್ಡ್‌ನಿಂದ ಅಸೋಸಿಯೇಟ್ ಪದವಿ ಪಡೆದ. ಕಾಲೇಜು ಅರ್ಧಕ್ಕೆ ಬಿಟ್ಟವನು ಆರು ವರ್ಷದ ನಂತರ ಮುಗಿಸಿದ ಲೆಕ್ಕ. ನನಗಂತೂ ಅವನ ಪದಕಗಳಿಗಿಂತ ಈ ಕಾಗದ ದೊಡ್ಡದಾಗಿ ಕಾಣುತ್ತದೆ. 1917ರಲ್ಲಿ ಒಮ್ಮೆ ಬಾಸ್ಟನ್ನಿಗೆ ಬಂದು ಮೂರನೆಯವನಾದ. ಆ ವರ್ಷ ಗೆದ್ದವನು ಬಿಲ್ ಕೆನೆಡಿ, ಇಟ್ಟಿಗೆ ಕಟ್ಟುವ ಗಾರೆ ಕೆಲಸದವನು. ಆಮೇಲೆ ಮಹಾಯುದ್ಧ, ಸೈನ್ಯದ ಸೇವೆ.

ಇದೇ ನಡುವಿನ ಕಾಲದಲ್ಲಿ, 1920ರಲ್ಲಿ, ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು. ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಹೊರಟ ಆರು ಮಂದಿಯ ತಂಡದಲ್ಲಿ ಅವರೊಬ್ಬರು. ಆ ಓಟದ ದೂರ 42.75 ಕಿ.ಮೀ., ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. ಅವರ ಬಗ್ಗೆ ಕನ್ನಡದಲ್ಲಿ ಇನ್ನೂ ಹೆಚ್ಚು ಬರೆದವರಿದ್ದರೆ ಇವತ್ತು ನಾನು ಬಾಸ್ಟನ್ನಿಗೆ ಹೋಗುವ ಅಗತ್ಯವಿರಲಿಲ್ಲ.

1922ರಲ್ಲಿ ಡಿಮಾರ್ ಮರಳಿ ಬಂದಾಗ ವಯಸ್ಸು 33. ಮೊದಲ ಗೆಲುವಾಗಿ ಹನ್ನೊಂದು ವರ್ಷ ಕಳೆದಿತ್ತು. ಗೆದ್ದ, ಅದೂ 2 ತಾಸು 18 ನಿಮಿಷ 10 ಸೆಕೆಂಡಿನ ಹೊಸ ದಾಖಲೆಯೊಂದಿಗೆ. 1923ರಲ್ಲಿ ಗೆದ್ದ, ದಾರಿ ಉದ್ದವಾದ 1924ರಲ್ಲೂ ಗೆದ್ದ. ಅದೇ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು. 36ನೇ ವಯಸ್ಸಿನಲ್ಲಿ ಬಂದ ಪದಕವದು. ಅದಾದ ಮೇಲೆ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಅಮೆರಿಕಕ್ಕೆ ಇನ್ನೊಂದು ಪದಕ ಬರಲು 1972ರವರೆಗೆ ಕಾಯಬೇಕಾಯಿತು.

1927ರ ಓಟ ನನಗೆ ಬಹಳ ಹಿಡಿಸಿತು. ಏಪ್ರಿಲ್‌ನಲ್ಲಿ ಆ ಕಡೆ ಸಾಮಾನ್ಯವಾಗಿ ಚಳಿ ಇರಬೇಕು. ಆ ವರ್ಷ ಉರಿಬಿಸಿಲು. ಹೊಸದಾಗಿ ಹಾಕಿದ ಟಾರು ಕರಗಿ ಓಟಗಾರರ ಶೂಗಳಿಗೆ ಮೆತ್ತಿಕೊಂಡಿತು. ಹಿಂದಿನ ವರ್ಷ ಗೆದ್ದಿದ್ದ ಕೆನಡಾದ ಜಾನಿ ಮೈಲ್ಸ್‌ನ ಶೂ ಹಗುರವಾಗಲಿ ಎಂದು ಅವನ ಅಪ್ಪನೇ ಅಟ್ಟೆಯನ್ನು ಬ್ಲೇಡಿನಲ್ಲಿ ಕೆತ್ತಿ ತೆಳ್ಳಗೆ ಮಾಡಿದ್ದ. ಬಿಸಿ ಟಾರಿನ ಮೇಲೆ ಆ ಹುಡುಗನ ಪಾದ ಕಿತ್ತು ರಕ್ತ ಬಂತು, ಬೇಗನೆ ಓಟ ಬಿಟ್ಟ. ಬಹಳಷ್ಟು ಜನ ದಾರಿಯಲ್ಲೇ ಕೂತರು. ಡಿಮಾರ್ ಮಾತ್ರ ತನ್ನ ಕಾಲೆಳೆಯುವ ಓಟದಲ್ಲೇ 2 ತಾಸು 40 ನಿಮಿಷ 22 ಸೆಕೆಂಡಿಗೆ ಬಂದು ಮುಟ್ಟಿದ. ಸಮಯ ದೊಡ್ಡದಲ್ಲ, ಆದರೆ ಆ ದಿನ ಅದಕ್ಕಿಂತ ಬೇಗ ಬರಲು ಯಾರಿಂದಲೂ ಆಗಲಿಲ್ಲ. 1928ರಲ್ಲಿ ಮತ್ತೆ ಗೆದ್ದ. 1930ರಲ್ಲಿ 41ನೇ ವಯಸ್ಸಿಗೆ ಏಳನೇ ಗೆಲುವು. ಪುರುಷರ ಓಟದಲ್ಲಿ ಬಾಸ್ಟನ್ನನ್ನು ಏಳು ಸಲ ಗೆದ್ದವರು ಇನ್ನೊಬ್ಬರಿಲ್ಲ. ಅಷ್ಟು ವಯಸ್ಸಿಗೆ ಗೆದ್ದವರೂ ಇಲ್ಲ.

ಹೀಗೆ ಬರೆಯುತ್ತ ಹೋದರೆ ಆತ ದೇವತೆಯಂಥವನು ಎನ್ನಿಸಬಹುದು. ಹಾಗೇನಿಲ್ಲ. ಭಾನುವಾರ ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಸ್ಕೌಟ್ ಹುಡುಗರನ್ನು ನೋಡಿಕೊಳ್ಳುತ್ತಿದ್ದ ಇದೇ ಮನುಷ್ಯ, ಓಡುವಾಗ ಅಡ್ಡ ಬಂದವರಿಗೆ, ಮೈಮೇಲೆ ನೀರು ಸುರಿದವರಿಗೆ ಗುದ್ದುತ್ತಿದ್ದ! ಪತ್ರಿಕೆಯವರ ಜತೆಗೂ ನಯವಾಗಿ ಮಾತಾಡಿದವನಲ್ಲ. 1937ರಲ್ಲಿ ತನ್ನ ಕತೆಯನ್ನು ತಾನೇ ಮ್ಯಾರಥಾನ್ ಎಂಬ ಪುಸ್ತಕವಾಗಿ ಬರೆದ.

ಮದುವೆಯಾದದ್ದು ತಡವಾಗಿ. ಐದು ಮಕ್ಕಳಾದರು. 1930ರ ಹೊತ್ತಿಗೆ ಆತ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಎಂಬ ಊರಿನ ಶಿಕ್ಷಕರ ಕಾಲೇಜಿನಲ್ಲಿ ಮುದ್ರಣ ಕಲಿಸುತ್ತಿದ್ದ. 1934ರಲ್ಲಿ, ನಲವತ್ತೈದು ದಾಟಿದ ಮೇಲೆ, ಬಾಸ್ಟನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದ. ಆಮೇಲೆ ಮತ್ತೆ ಪತ್ರಿಕೆಯ ಅಚ್ಚಿನಮನೆಯಲ್ಲಿ ರಾತ್ರಿಪಾಳಿ, ಹಗಲು ಸಣ್ಣದೊಂದು ತೋಟದ ಕೆಲಸ. ಏಳು ಸಲ ಗೆದ್ದವನು ರಾತ್ರಿ ಅಕ್ಷರ ಜೋಡಿಸಿ, ಬೆಳಿಗ್ಗೆ ಗುದ್ದಲಿ ಹಿಡಿಯುತ್ತಿದ್ದ ಎಂಬುದನ್ನು ಓದಿದಾಗ ನನಗೆ ಬೇಸರವಾಯಿತು. ಆತನಿಗೆ ಆಗಿದ್ದಂತೆ ಕಾಣುವುದಿಲ್ಲ. ಓಟವನ್ನು ಆತ ಎಂದೂ ನೌಕರಿ ಎಂದುಕೊಂಡಿರಲಿಲ್ಲ.

ಈ ನಡುವೆ ವಿಜ್ಞಾನಿಗಳ ಕಣ್ಣು ಆತನ ಮೇಲೆ ಬಿತ್ತು. 1920ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನ ಸಂಶೋಧಕರು ಆತನನ್ನು ಓಡುಪಟ್ಟಿಯ ಮೇಲೆ ಓಡಿಸಿ ರಕ್ತ ಪರೀಕ್ಷೆ ಮಾಡಿದರು. ಜೋರಾಗಿ ಓಡಿದಾಗ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪದಿದ್ದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲದ ಅಂಶ ಏರುತ್ತದೆ. ಉಳಿದವರು ಏದುಸಿರು ಬಿಡುವ ವೇಗದಲ್ಲಿ ಓಡಿದರೂ ಡಿಮಾರ್‌ನ ರಕ್ತದಲ್ಲಿ ಅದು ಕೂತಿದ್ದವರಷ್ಟೇ ಇತ್ತು. ಅಂದರೆ ಕೆಟ್ಟಿದೆ ಎನ್ನಿಸಿಕೊಂಡ ಆ ಹೃದಯ ರಕ್ತವನ್ನು ಬೇಕಾದಷ್ಟು ತಲುಪಿಸುತ್ತಲೇ ಇತ್ತು.

ಗೆಲುವು ನಿಂತ ಮೇಲೂ ಆತ ನಿಲ್ಲಲಿಲ್ಲ. ಒಟ್ಟು 34 ಸಲ ಬಾಸ್ಟನ್ ಓಡಿದ. ಕೊನೆಯ ಸಲ 1954ರಲ್ಲಿ, 65ನೇ ವಯಸ್ಸಿಗೆ, ನಾಲ್ಕು ತಾಸಿನೊಳಗೇ ಮುಗಿಸಿದ. ಸಣ್ಣಪುಟ್ಟ ಓಟಗಳಂತೂ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಕರುಳಿಗೆ ಕ್ಯಾನ್ಸರ್ ತಗುಲಿತು. ಆ ಕಾಯಿಲೆಯ ನಡುವೆಯೇ 1957ರಲ್ಲಿ 15 ಕಿ.ಮೀ. ಓಟವೊಂದನ್ನು ಓಡಿದ. 1958ರ ಜೂನ್ 11ರಂದು ಮ್ಯಾಸಚೂಸೆಟ್ಸ್‌ನ ರೀಡಿಂಗ್‌ನಲ್ಲಿ ತೀರಿಕೊಂಡ. ಎಪ್ಪತ್ತು ತುಂಬಿ ನಾಲ್ಕು ದಿನವಾಗಿತ್ತು.

ಮರಣೋತ್ತರ ಪರೀಕ್ಷೆ ಮಾಡಿದರು. ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಚಿಕಿತ್ಸೆ ಕೊಟ್ಟ ಪಾಲ್ ಡಡ್ಲಿ ವೈಟ್ ಮತ್ತು ಜೇಮ್ಸ್ ಕರೆನ್ಸ್ ಎಂಬ ವೈದ್ಯರು ಅದರ ವಿವರವನ್ನು 1961ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಸಾಮಾನ್ಯರದ್ದಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ವಯಸ್ಸಿಗೆ ತಕ್ಕಂತೆ ಕೊಬ್ಬಿನ ಅಂಶ ಗೋಡೆಗಳಲ್ಲಿ ಕೂತಿತ್ತು, ಆದರೆ ನಾಳ ಅಷ್ಟು ಅಗಲವಿದ್ದುದರಿಂದ ರಕ್ತದ ದಾರಿಗೆ ಅಡ್ಡಿಯಾಗಿರಲಿಲ್ಲ. ಹುಟ್ಟಿನಿಂದಲೇ ಹಾಗಿತ್ತೋ, ಐವತ್ತು ವರ್ಷದ ಓಟ ಹಾಗೆ ಮಾಡಿತೋ ಎಂಬುದನ್ನು ಒಬ್ಬನ ದೇಹ ನೋಡಿ ತೀರ್ಮಾನಿಸಲಾಗದು. 1911ರಲ್ಲಿ ವೈದ್ಯರ ಕೈಯಲ್ಲಿ ಇದ್ದದ್ದು ಸ್ಟೆತಸ್ಕೋಪ್ ಮಾತ್ರ. ಸದ್ದಿದೆ ಎಂದು ಅವರಿಗೆ ಗೊತ್ತಾಗಬಹುದಿತ್ತು, ಒಳಗೆ ಏನಿದೆ ಎಂದು ನೋಡುವ ಯಂತ್ರ ಇರಲಿಲ್ಲ. ಹಾಗಾಗಿ ಅವರನ್ನು ದೂರುವುದೂ ಸರಿಯಲ್ಲ, ಈ ಕತೆ ಓದಿ ಇಕೋ ಮಾಡಿಸದೆ ಓಡುವುದೂ ಸರಿಯಲ್ಲ. ಅಂಥ ಸದ್ದುಗಳಲ್ಲಿ ತೊಂದರೆ ಇಲ್ಲದವೂ ಇವೆ, ಜೀವ ತೆಗೆಯುವವೂ ಇವೆ.

ನನ್ನದು ತೊಂದರೆ ಇಲ್ಲದ್ದು ಎಂದು ಬಂತು. ವರದಿಯನ್ನು ಅಪ್ಪ ಎರಡು ಸಲ ಓದಿದ. ಆಯಿ ಏನೂ ಹೇಳದೆ ಏಣಿ ಇಟ್ಟು ಅಟ್ಟ ಹತ್ತಿದಳು. ಮಳೆಗಾಲವಲ್ಲವೇ, ಶೂಗಳಿಗೆ ಬೂಷ್ಟು ಹಿಡಿದಿತ್ತು. ಎರಡು ದಿನ ಒಲೆಯ ಬುಡದಲ್ಲಿ ಒಣಗಿಸಬೇಕಾಯಿತು.

ಡಿಮಾರ್ ಮುದ್ರಣ ಕಲಿಸಿದ ಕೀನ್ ಊರಿನಲ್ಲಿ 1978ರಿಂದ ಆತನ ಹೆಸರಿನಲ್ಲಿ ಮ್ಯಾರಥಾನ್ ಒಂದು ನಡೆಯುತ್ತ ಬಂದಿದೆ. ಗಿಲ್ಸಮ್ ಎಂಬ ಗುಡ್ಡದ ಹಳ್ಳಿಯಿಂದ ಹೊರಟು ಕೀನ್ ಪೇಟೆಗೆ ಇಳಿಯುವ ದಾರಿಯಂತೆ. ಅಂದರೆ ತೊಡೆ ನಡುಗುವ ಜಾತಿಯದೇ.